ಎಡಿನ್‌ಬರೋದಲ್ಲಿ ಪಶುವೈದ್ಯ ಓದಲು ದುಡ್ಡು ಹೊಂದಿಸಿದ ಬಗೆ

ನಾನು ಅಮೆರಿಕದ ಪ್ರಜೆ. ಅಲ್ಲೇ ಬಯಾಲಜಿ ಡಿಗ್ರಿ ಮುಗಿಸಿ 2019ರಲ್ಲಿ ಸ್ಕಾಟ್ಲೆಂಡ್‌ನ ಎಡಿನ್‌ಬರೋ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿಗೆ ಸೇರಿದೆ. ಡಿಗ್ರಿ ಆದವರಿಗೆ ಅಲ್ಲಿ ನಾಲ್ಕು ವರ್ಷದ ಕೋರ್ಸ್ ಇದೆ. ಅಮೆರಿಕದ ಪಶುವೈದ್ಯ ಸಂಘ ಆ ಕಾಲೇಜಿಗೆ ಮಾನ್ಯತೆ ಕೊಟ್ಟಿದೆ. ಹಾಗಾಗಿ ಅಮೆರಿಕದಲ್ಲಿ ಓದಿದವರ ಹಾಗೇ, ಅಲ್ಲಿನ ಪಶುವೈದ್ಯರಾಗಲು ಬರೆಯಬೇಕಾದ ನಾವ್ಲೆ ಪರೀಕ್ಷೆ ಬರೆದು ಲೈಸೆನ್ಸ್ ತಗೊಳ್ಳಬಹುದು. ದುಡ್ಡಿನ ಲೆಕ್ಕಕ್ಕಿಂತ ಮೊದಲು ಈ ಮಾನ್ಯತೆ ನೋಡಿ. ಅದಿಲ್ಲದ ಕಾಲೇಜಾದರೆ ಓದು ಮುಗಿದ ಮೇಲೂ ಬೇರೆ ಪರೀಕ್ಷೆಗಳಿಗೆ ಕಾಲ, ಹಣ ಎರಡೂ ಸುರಿಯಬೇಕಾಗುತ್ತದೆ.

ದಾವಣಗೆರೆಯ ಸಂಬಂಧಿಕರು ಕೇಳಿದ ಮೊದಲ ಮಾತು, "ಏನನ್ನ ಅಡ ಇಟ್ರಿ?" ಏನೂ ಇಡಲಿಲ್ಲ. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ಕೆಲವು ವಿದೇಶಿ ಕಾಲೇಜುಗಳಿಗೂ ಸಿಗುತ್ತದೆ. ಅದಕ್ಕಾಗಿ ತುಂಬುವ ಫಾಫ್ಸಾ ಅನ್ನುವ ಸರ್ಕಾರಿ ಅರ್ಜಿಯಲ್ಲಿ ಕಾಲೇಜಿನ ಹೆಸರು ಸೇರಿಸಿದೆ. ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ ಸಾಲ, ಅಂದರೆ ಓದುವಾಗಲೂ ಬಡ್ಡಿ ಬೆಳೆಯುವ ಸರ್ಕಾರಿ ಸಾಲ, ಆಗ ವರ್ಷಕ್ಕೆ 20,500 ಡಾಲರ್. ಉಳಿದದ್ದಕ್ಕೆ ಡಿಗ್ರಿ ಆದವರ ಓದಿಗೆ ಸರ್ಕಾರವೇ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ, ಕಾಲೇಜು ಹಾಕಿಕೊಟ್ಟ ಒಟ್ಟು ಖರ್ಚಿನ ಮಿತಿಯವರೆಗೆ. ಅದಕ್ಕೆ ಆದಾಯ ಕೇಳುತ್ತಿರಲಿಲ್ಲ, ಹಳೇ ಸಾಲಗಳನ್ನು ಸರಿಯಾಗಿ ಕಟ್ಟಿದ್ದೀವಾ ಅಂತ ಮಾತ್ರ ನೋಡುತ್ತಿದ್ದರು. ಅಪ್ಪನ ಸಹಿಯೂ ಬೇಕಾಗಲಿಲ್ಲ.

ಮೊದಲ ವರ್ಷ ಈ ಎರಡು ಸಾಲಕ್ಕೆ ಬಡ್ಡಿ ಕ್ರಮವಾಗಿ ಶೇ. 6.08 ಮತ್ತು 7.08 ಇತ್ತು. ಗ್ರ್ಯಾಡ್ ಪ್ಲಸ್‌ನಲ್ಲಿ ಕೈಗೆ ಬರುವ ಮುಂಚೆಯೇ ಶೇ. 4ಕ್ಕಿಂತ ಸ್ವಲ್ಪ ಜಾಸ್ತಿ ಶುಲ್ಕ ಮುರಿದುಕೊಳ್ಳುತ್ತಿದ್ದರು. ಆಮೇಲೆ ಕೊರೊನಾ ಬಂತು. 2020ರ ಮಾರ್ಚ್‌ನಿಂದ 2023ರ ಆಗಸ್ಟ್ ಕೊನೆಯವರೆಗೆ ಈ ಸಾಲಗಳಿಗೆ ಬಡ್ಡಿಯೇ ಇರಲಿಲ್ಲ, ಓದುತ್ತಿದ್ದವರಿಗೂ ಸೇರಿ. ಅಂಥ ರಿಯಾಯಿತಿ ಈಗಿಲ್ಲ. ನನ್ನ ಸಾಲ ಬೆಳೆದ ರೀತಿ ನೋಡಿ ನಿಮ್ಮದನ್ನು ಅಂದಾಜು ಮಾಡಬೇಡಿ.

ನನಗೆ ನಿಜವಾಗಿ ತಲೆನೋವಾಗಿದ್ದು ಸಾಲ ಸಿಗುತ್ತದಾ ಅನ್ನುವುದಲ್ಲ, ಯಾವಾಗ ಬರುತ್ತದೆ ಅನ್ನುವುದು. ಮೊದಲ ಕಂತು ಬರುವುದು ತರಗತಿ ಶುರುವಾಗುವ ಹೊತ್ತಿಗೆ. ಖರ್ಚು ಮಾತ್ರ ಬೇಸಿಗೆಯಲ್ಲೇ ಶುರು. ವೀಸಾ ಶುಲ್ಕ, ವಿಮಾನದ ಟಿಕೆಟ್, ಬ್ರಿಟನ್ನಿನ ಆರೋಗ್ಯ ಸೇವೆಗೆ ಕಟ್ಟುವ ಹಣ. ಆರೋಗ್ಯದ ಹಣವನ್ನು ಇಡೀ ಕೋರ್ಸಿಗೆ ಒಟ್ಟಿಗೇ, ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ನನ್ನ ಕಾಲಕ್ಕೆ ವಿದ್ಯಾರ್ಥಿಗಳಿಗೆ ವರ್ಷಕ್ಕೆ 300 ಪೌಂಡ್ ಇತ್ತು. 2024ರಿಂದ ಅದು 776. ಇನ್ನು ಮನೆ ಬಾಡಿಗೆ. ಬ್ರಿಟನ್ನಿನಲ್ಲೇ ಇರುವ ಯಾರಾದರೂ ಜಾಮೀನು ನಿಲ್ಲದಿದ್ದರೆ ಎಷ್ಟೋ ಮಾಲೀಕರು ತಿಂಗಳುಗಟ್ಟಲೆ ಬಾಡಿಗೆ ಮುಂಗಡ ಕೇಳುತ್ತಾರೆ.

ಇದಕ್ಕೆಲ್ಲ ಎರಡು ಗಂಟು ಇಟ್ಟುಕೊಂಡಿದ್ದೆ. ಒಂದು, ಪ್ರಾಣಿಗಳ ಕ್ಲಿನಿಕ್‌ನಲ್ಲಿ ದುಡಿದು ಉಳಿಸಿದ್ದು. ಇನ್ನೊಂದು, ಅಪ್ಪ ಅಮ್ಮ ನಾನು ಚಿಕ್ಕವಳಿದ್ದಾಗಿನಿಂದ 529 ಖಾತೆಗೆ, ಅಂದರೆ ಮಕ್ಕಳ ಓದಿಗೆ ಕೂಡಿಡುವ ಅಮೆರಿಕದ ತೆರಿಗೆ ರಿಯಾಯಿತಿಯ ಖಾತೆಗೆ, ಹಾಕುತ್ತಾ ಬಂದದ್ದು. ಸರ್ಕಾರಿ ಸಾಲ ಸಿಗುವ ವಿದೇಶಿ ಕಾಲೇಜಿಗೂ ಆ ಹಣ ತೆರಿಗೆಯಿಲ್ಲದೆ ಬಳಸಬಹುದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಫೀಸು, ಬಾಡಿಗೆ, ಊಟಕ್ಕೆ ಸರಿ. ಪ್ರಯಾಣಕ್ಕೆ ಬಳಸಿದರೆ ತೆರಿಗೆ ಬೀಳುತ್ತದೆ. ಅದಕ್ಕೇ ಟಿಕೆಟ್ಟು, ವೀಸಾ ಎಲ್ಲ ನನ್ನ ಉಳಿತಾಯದಿಂದ.

ಸಾಲ ಡಾಲರ್‌ನಲ್ಲಿ, ಖರ್ಚು ಪೌಂಡ್‌ನಲ್ಲಿ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಪೌಂಡ್ ಸುಮಾರು 1.03 ಡಾಲರ್‌ಗೆ ಕುಸಿಯಿತು. ಆ ಚಳಿಗಾಲ ಅಂದುಕೊಂಡಿದ್ದಕ್ಕಿಂತ ಕಡಿಮೆ ಡಾಲರ್ ಸಾಕಾಯಿತು. ಮಿಕ್ಕಿದ್ದನ್ನು ವಾಪಸ್ ಕಟ್ಟಿದೆ. ಹಣ ಬಂದ 120 ದಿನದೊಳಗೆ ಹಿಂದಿರುಗಿಸಿದರೆ ಅಷ್ಟು ಭಾಗಕ್ಕೆ ಬಡ್ಡಿಯೂ ಇಲ್ಲ, ಶುಲ್ಕವೂ ಇಲ್ಲ. ಪೌಂಡ್ ಏರಿದರೆ ಇದೇ ಲೆಕ್ಕ ತಿರುಗಿಬೀಳುತ್ತದೆ, ಅಲ್ವಾ? ಬಜೆಟ್ ಮಾಡುವಾಗ ಅವತ್ತಿನ ದರಕ್ಕಿಂತ ದುಬಾರಿ ಪೌಂಡ್ ಹಿಡಿದೇ ಲೆಕ್ಕ ಹಾಕಿ.

ರಜೆಯಲ್ಲಿ ದುಡಿಯುತ್ತೇನೆ ಅಂತ ನಂಬಿ ಹೋಗಬೇಡಿ. ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸಕ್ಕೆ ಅವಕಾಶ ಇದೆ, ನಿಜ. ಆದರೆ ರಜೆಗಳೆಲ್ಲ ಫಾರ್ಮ್ ಮತ್ತು ಕ್ಲಿನಿಕ್‌ಗಳ ತರಬೇತಿಗೇ ಹೋಗುತ್ತವೆ. ವಸಂತದಲ್ಲಿ ಕುರಿಗಳು ಮರಿ ಹಾಕುವ ಕಾಲಕ್ಕೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೆಲಸ. ನಾನು ಅತಿ ಹೆಚ್ಚು ಕಲಿತದ್ದು ಅಲ್ಲೇ. ಸಂಬಳ ಇಲ್ಲ, ಹೋಗಿಬರುವ ಖರ್ಚೂ ನಮ್ಮದೇ.

ಈಗ ಹೊರಡುವವರಿಗೆ ನಾನು ಹಿಡಿದ ದಾರಿ ಹಾಗೇ ಉಳಿದಿಲ್ಲ. 2025ರ ಜುಲೈನಲ್ಲಿ ಬಂದ ಕಾನೂನಿನಂತೆ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಇಲ್ಲ. ಪಶುವೈದ್ಯದಂಥ ವೃತ್ತಿ ಕೋರ್ಸಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿ. ಐದು ವರ್ಷದ ಕೋರ್ಸಿಗೆ ಸೇರಿದರೆ ಸರಾಸರಿ ವರ್ಷಕ್ಕೆ 40,000 ಮಾತ್ರ ಆಯಿತು. ಬ್ರಿಟನ್ನಿನಲ್ಲಿ ಫೀಸಿಗೇ ಅದು ಸಾಲುವುದಿಲ್ಲ. ಕೊರತೆಗೆ ಖಾಸಗಿ ಬ್ಯಾಂಕಿನ ಸಾಲ ಇದೆ, ಆದರೆ ಅಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮನೋ ಇನ್ಯಾರೋ ಸಹಿ ಹಾಕಬೇಕು. ಆದಾಯ ನೋಡಿ ಕಂತು ಇಳಿಸುವ ಸರ್ಕಾರಿ ಯೋಜನೆಯೂ ಆ ಸಾಲಕ್ಕೆ ಅನ್ವಯಿಸುವುದಿಲ್ಲ. ಈಗ ನಾನು ಸೇರಬೇಕಾಗಿದ್ದರೆ, ಅಮೆರಿಕದ ನಮ್ಮ ರಾಜ್ಯದ ಕಾಲೇಜಿನಲ್ಲಿ ಸೀಟು ಸಿಕ್ಕಿದರೆ ಎಡಿನ್‌ಬರೋ ಬಿಟ್ಟು ಅಲ್ಲಿಗೇ ಹೋಗುತ್ತಿದ್ದೆ. ಹೊರಗೇ ಹೋಗಬೇಕು ಅಂದರೆ ನಾಲ್ಕು ವರ್ಷದ ಕೋರ್ಸನ್ನೇ ಹುಡುಕುತ್ತಿದ್ದೆ. ಡಿಪಾಸಿಟ್ ಕಟ್ಟುವ ಮೊದಲು ಕಾಲೇಜಿನ ಸಾಲ ವಿಭಾಗಕ್ಕೆ ಬರೆದು, ಪೂರ್ತಿ ಕೋರ್ಸಿನ ಖರ್ಚಿನ ಪಟ್ಟಿ ಮತ್ತು ಮೊದಲ ಕಂತು ಬರುವ ತಾರೀಕು ಕೇಳುತ್ತಿದ್ದೆ.