ರಾತ್ರಿ ಗಾಡಿ ಹತ್ತುವ ಮುನ್ನ

ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಹೊರವರ್ತುಲ ರಸ್ತೆಗೆ ಬೈಕ್ ಇಳಿಸುವ ಯುವಜನರು ಮೊದಲು ತಾವು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದೇವೆಂದು ಲೆಕ್ಕ ಹಾಕಬೇಕು. ಸತತ 17 ಗಂಟೆ ನಿದ್ದೆಯಿಲ್ಲದವರ ಚುರುಕು ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರಷ್ಟೇ ಕುಗ್ಗಿರುತ್ತದೆ, ನಮ್ಮ ಕಾನೂನಿನ ಮಿತಿಯಾದರೋ ಶೇ 0.03 ಮಾತ್ರ. ರೆಪ್ಪೆ ಭಾರವಾಗಿ, ಹಿಂದಿನ ಸಿಗ್ನಲ್ ದಾಟಿದ್ದೇ ನೆನಪಾಗದಿದ್ದರೆ ಬೆಳಕಿರುವ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ 20 ನಿಮಿಷ ನಿದ್ದೆ ಮಾಡಿ. ಮುಖಕ್ಕೆ ನೀರು ಎರಚಿಕೊಂಡರೆ ಸಾಲದು, ದಯವಿಟ್ಟು ಅದನ್ನು ನಂಬಬೇಡಿ. ಕುಡಿಯುವುದಿದ್ದರೆ ಗಾಡಿಯನ್ನು ಮನೆಯಲ್ಲೇ ಬಿಡಿ. ಫೋನ್ ಬ್ಯಾಗಿನೊಳಗಿರಲಿ: ಗಂಟೆಗೆ 60 ಕಿ.ಮೀ. ವೇಗದಲ್ಲಿ 3 ಸೆಕೆಂಡು ಪರದೆ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಹಿಂದೆ ಕುಳಿತ ಗೆಳೆಯ ‘ಇನ್ನೂ ಜೋರಾಗಿ ಹೋಗೋ ಮಗಾ’ ಎಂದು ಹುರಿದುಂಬಿಸಿದರೆ ಸಂಕೋಚವಿಲ್ಲದೆ ಗಾಡಿ ನಿಲ್ಲಿಸಿ, ಅವನೂ ಹೆಲ್ಮೆಟ್ ಪಟ್ಟಿ ಬಿಗಿದಿದ್ದಾನೆಯೇ ಎಂದು ನೋಡಿಯೇ ಹೊರಡಿ.