ಕೌದಿ ಕಟ್ಟಿದ ಕೋಣೆಯಲ್ಲಿ ವೀಣೆಯ ಧ್ವನಿಮುದ್ರಣ: ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ಮಗಳು ವೀಣೆಯಲ್ಲಿ ನುಡಿಸಿ ನಾನು ಮನೆಯಲ್ಲೇ ಮುದ್ರಿಸಿದ ತೋಡಿ ರಾಗದ ಆಲಾಪನೆಯನ್ನು ಕೇಳಿದ ನಮ್ಮ ಮೇಷ್ಟ್ರು, "ಇದನ್ನು ಯಾವ ಸ್ಟುಡಿಯೋದಲ್ಲಿ ಮಾಡಿಸಿದೆಯಪ್ಪಾ?" ಎಂದು ಕೇಳಿದರು. ಅದಕ್ಕೆ ಎರಡು ವರ್ಷ ಮೊದಲು, ವೀಣೆಯೆಂಬುದು ಎದುರು ಕುಳಿತವನಿಗೆ ಕೇಳುವ ವಾದ್ಯವೇ ಹೊರತು ಮೈಕಿಗೆ ಕೇಳುವಂಥದ್ದಲ್ಲ ಎಂದು ನನ್ನನ್ನು ನಿರುತ್ಸಾಹಗೊಳಿಸಿದ್ದವರೂ ಅವರೇ. ವೃತ್ತಿಯಿಂದ ಧ್ವನಿಮುದ್ರಕನಾಗಿರುವ ಗೆಳೆಯನೊಬ್ಬ ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಲ್ಲಿ ಇದು ಸಾಧ್ಯವೇ ಇಲ್ಲವೆಂದು ಕಾಗದದ ಮೇಲೆ ಲೆಕ್ಕ ಬರೆದು ಕೊಟ್ಟಿದ್ದ. ನನಗೆ ತಗುಲಿದ್ದು, ದಂಡವಾದ ಹಣವನ್ನೂ ಸೇರಿಸಿ, ಸುಮಾರು 26,000 ರೂಪಾಯಿ.

ದಂಡವಾದದ್ದರಿಂದಲೇ ಆರಂಭಿಸುತ್ತೇನೆ. ಭಜನೆಗೆಂದು ಮನೆಯಲ್ಲಿದ್ದ ಡೈನಮಿಕ್ ಮೈಕನ್ನು ಮೊದಲು ವೀಣೆಯ ಮುಂದಿಟ್ಟೆ. ಮೈಸೂರು ಬಾನಿ ಎಂಬ ವಾದನಶೈಲಿಯ ಮೃದುವಾದ ಮೀಟಿಗೆ ಅದು ಎಚ್ಚರಗೊಳ್ಳಲೇ ಇಲ್ಲ. ಮೈಕಿನ ಸದ್ದನ್ನು ಹಿಗ್ಗಿಸುವ ಗೇನ್ ಪೂರ್ತಿ ಏರಿಸಿದರೆ ವೀಣೆಗಿಂತ ಮೊದಲು "ಶ್" ಎಂಬ ಸದ್ದೇ ಬರುತ್ತಿತ್ತು. ಅನಂತರ 2,400 ರೂಪಾಯಿ ಕೊಟ್ಟು ಕುದುರೆಯ (ವೀಣೆಯ ತಂತಿಗಳನ್ನು ಹೊರುವ ಆಧಾರದ) ಬಳಿ ಅಂಟಿಸಿ ಕಂಪನ ಹಿಡಿಯುವ ಕಾಂಟ್ಯಾಕ್ಟ್ ಪಿಕಪ್ ತಂದೆ. ಅದರಲ್ಲಿ ಉಗುರು ಮತ್ತು ತಂತಿ ಸ್ಪಷ್ಟವಾಗಿ ಕೇಳಿದವು, ವೀಣೆಯ ಒಡಲಾದ ಹಲಸಿನ ಮರ ಮಾತ್ರ ಕೇಳಲಿಲ್ಲ. ಮೂರನೆಯ ತಪ್ಪು ಫೋಮ್. ಸುಮಾರು 4,000 ರೂಪಾಯಿಯ ಹಾಳೆಗಳನ್ನು ಗೋಡೆಗೆಲ್ಲ ಅಂಟಿಸಿದ ಮೇಲೆ, ಮೇಲಿನ ತಾರಸ್ಥಾಯಿಯ ಹೊಳಪು ಹೋಗಿ, ಕೆಳಗಿನ ಗುಂಯ್‌ಗುಡುವಿಕೆ ಹಾಗೆಯೇ ಉಳಿದು, ವೀಣೆಯನ್ನು ಡಬ್ಬಿಯೊಳಗೆ ನುಡಿಸಿದಂತಾಯಿತು. ತೆಗೆಯುವಾಗ ಗೋಡೆಯ ಸುಣ್ಣವೂ ಕಿತ್ತು ಬಂದದ್ದರಿಂದ ಅದರ ಖರ್ಚು ಬೇರೆ; ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.

ಕೋಣೆಯನ್ನು ಕಡೆಗೆ ಸರಿಪಡಿಸಿದ್ದು ಧಾರವಾಡದ ನಮ್ಮ ಅತ್ತೆಯವರು ಹೊಲಿದುಕೊಟ್ಟಿದ್ದ ಕೌದಿಗಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಆ ಕೌದಿಗಳು ಫೋಮಿಗಿಂತ ಎಷ್ಟೋ ಭಾರ. ಅವುಗಳನ್ನು ಗೋಡೆಗೆ ತಾಗಿಸದೆ, ಮುಕ್ಕಾಲು ಅಡಿ ಈಚೆಗೆ ಹಗ್ಗ ಕಟ್ಟಿ, ನುಡಿಸುವವರ ಬೆನ್ನಿಗೊಂದು, ಬಲಕ್ಕೊಂದು, ಮೈಕಿನ ಹಿಂದೊಂದು ಇಳಿಬಿಟ್ಟೆ. ನಾಲ್ಕನೆಯ ಬದಿಯಲ್ಲಿ ಪುಸ್ತಕದ ಕಪಾಟಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಕೆಂಪು ಗಾರೆಯ ನೆಲದಿಂದ ಮರಳುವ ಸದ್ದೇ ಎಲ್ಲಕ್ಕಿಂತ ದೊಡ್ಡ ಕಾಟವಾಗಿತ್ತು. ಜಮಖಾನವನ್ನು ಎರಡು ಮಡಿಕೆ ಮಾಡಿ ವೀಣೆಗೂ ಮೈಕಿಗೂ ನಡುವಿನ ನೆಲಕ್ಕೆ ಹಾಸಿದಾಗ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ವೀಣೆಯ ಕೊಡದ (ನಾದ ಮೊಳಗುವ ದುಂಡು ಭಾಗದ) ಕೆಳಗೆ ನಾನು ಬೇರೊಂದು ವಸ್ತುವನ್ನು ಇಡುತ್ತೇನೆ. ಅದು ಏನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇಷ್ಟಾದರೂ ತಗ್ಗಿನ ಸ್ವರವಾದ ಮಂದ್ರ ಪಂಚಮ ಮೀಟಿದಾಗಲೆಲ್ಲ ಎಲ್ಲೋ ಒಂದು ಝೇಂಕಾರ ಕೇಳುತ್ತಿತ್ತು. ಸ್ವರಸ್ಥಾನದ ಮೆಟ್ಟಿಲುಗಳನ್ನು ಕೂರಿಸಿದ ಮೇಣ ಬಿಟ್ಟಿದೆಯೇ, ಕುದುರೆಯ ಮೇಲಿನ ಲೋಹದ ಪಟ್ಟಿ ಸಡಿಲವಾಗಿದೆಯೇ ಎಂದು ಮೂರು ದಿನ ವೀಣೆಯನ್ನೇ ಅನುಮಾನಿಸಿ, ರಿಪೇರಿಯವರ ಮನೆಗೂ ಹೊತ್ತುಕೊಂಡು ಹೋಗಿ ಬಂದೆ. ಕಡೆಗೆ ಸಿಕ್ಕ ಅಪರಾಧಿ, ಅಟ್ಟದ ಮೇಲಿದ್ದ ತಾಮ್ರದ ಹಂಡೆಯ ಮುಚ್ಚಳ.

ಮೈಕು ಮೆಲುದನಿಯನ್ನೂ ಹಿಡಿಯುವ ಸೆಕೆಂಡ್ ಹ್ಯಾಂಡ್ ಲಾರ್ಜ್ ಡಯಾಫ್ರಮ್ ಕಂಡೆನ್ಸರ್. 6,500 ರೂಪಾಯಿಗೆ ಸಿಕ್ಕಿತು. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಚಾನೆಲ್‌ಗಳ ಇಂಟರ್‌ಫೇಸಿಗೆ 9,000ದಷ್ಟಾಯಿತು. ಆದರೆ ಮೈಕಿನ ಬೆಲೆಗಿಂತ ಅದನ್ನು ನಿಲ್ಲಿಸುವ ಜಾಗಕ್ಕೇ ಬೆಲೆ ಹೆಚ್ಚು ಎಂಬುದನ್ನು ನಾನು ಒಂದು ಕಿವಿಯನ್ನು ಮುಚ್ಚಿಕೊಂಡು ಕಲಿತೆ. ಮಗಳು ಒಂದೇ ವರ್ಣವನ್ನು ಮತ್ತೆ ಮತ್ತೆ ನುಡಿಸುತ್ತಿದ್ದರೆ, ನಾನು ಎಡಗಿವಿಗೆ ಬೆರಳಿಟ್ಟುಕೊಂಡು ಅವಳ ಸುತ್ತ ಮಂಡಿಯೂರಿ ತೆವಳುತ್ತಿದ್ದೆ. ಎರಡೂ ಕಿವಿ ತೆರೆದಿದ್ದಾಗ ಮನಸ್ಸು ಕೋಣೆಯ ಸದ್ದನ್ನು ತಾನಾಗಿಯೇ ಬದಿಗೆ ಸರಿಸಿಬಿಡುತ್ತದೆ. ಒಂದೇ ಕಿವಿಯಲ್ಲಿ ಕೇಳಿದರೆ ಮೈಕಿಗೆ ಕೇಳುವುದೇ ನಮಗೂ ಕೇಳುತ್ತದೆ. ಕುದುರೆಗೆ ಒಂದಡಿ ಹತ್ತಿರ ಹೋದರೆ ಬರೀ ಉಗುರು, ಐದಡಿ ದೂರ ಸರಿದರೆ ಬರೀ ಕೋಣೆ. ಕುದುರೆಯಿಂದ ಎರಡೂಕಾಲು ಅಡಿ ದೂರದಲ್ಲಿ, ನುಡಿಸುವವರ ಗಲ್ಲದ ಎತ್ತರದಲ್ಲಿ, ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವಿನ ಜಾಗವನ್ನು ಓರೆಯಾಗಿ ನೋಡುವಂತೆ ಇಟ್ಟಾಗ ಮರ, ತಂತಿ, ಬೆರಳು ಮೂರೂ ಒಂದಾದವು. ಓರೆ ಎಷ್ಟು ಎಂಬುದು ವೀಣೆಯಿಂದ ವೀಣೆಗೆ ಬದಲಾಗುತ್ತದೆ. ಎರಡನೆಯ ಮೈಕನ್ನು ಎರವಲು ತಂದು ಸ್ಟೀರಿಯೋ ಮಾಡಿಯೂ ನೋಡಿದೆ. ಇಯರ್‌ಫೋನಿನಲ್ಲಿ ವೀಣೆ ಹತ್ತಡಿ ಉದ್ದವಾದಂತೆ ಕೇಳಿದ್ದರಿಂದ ಮರುದಿನವೇ ಹಿಂದಿರುಗಿಸಿದೆ.

ಗಿಟಾರಿನವರ ಸಲಹೆ ನಂಬಿ 100 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ, ಅಂದರೆ ಸೆಕೆಂಡಿಗೆ ನೂರಕ್ಕಿಂತ ಕಡಿಮೆ ಕಂಪನದ ತಗ್ಗು ಸದ್ದನ್ನೆಲ್ಲ, ಕತ್ತರಿಸಿದ್ದು ಇನ್ನೊಂದು ಮೂರ್ಖತನ. ನಮ್ಮ ವೀಣೆಯ ಆಧಾರ ಸ್ವರವಾದ ಶ್ರುತಿ ಎರಡೂವರೆ. ಅಂದರೆ ಸಾರಣಿ ಎಂಬ ಮುಖ್ಯ ತಂತಿಯ ಷಡ್ಜ ಸುಮಾರು 155 ಹರ್ಟ್ಸ್, ಮಂದ್ರದ ತಂತಿ 78ರ ಹತ್ತಿರ, ಅದಕ್ಕೂ ಕೆಳಗಿನ ಅನುಮಂದ್ರ ಪಂಚಮವಂತೂ 58. ಕಡಿಮೆ ಕಂಪನದ ಕಸವೆಂದು ನಾನು ಎಸೆಯುತ್ತಿದ್ದದ್ದು ಆ ಎರಡು ತಂತಿಗಳ ಬುಡವನ್ನೇ. ಈಗ 40ರ ಮೇಲೆ ಕತ್ತರಿ ಆಡಿಸುವುದಿಲ್ಲ. ಗದ್ದಲ ಅಳಿಸುವ ನಾಯ್ಸ್ ರಿಡಕ್ಷನ್ನನ್ನೂ ಕೈಬಿಟ್ಟಿದ್ದೇನೆ. ಒಂದೇ ಮೀಟಿನಲ್ಲಿ ನಾಲ್ಕು ಸ್ವರ ಎಳೆಯುವಾಗ ಕ್ಷೀಣಿಸುತ್ತ ಹೋಗುವ ನಾದವನ್ನೇ ಅದು ಗದ್ದಲವೆಂದು ತಿಳಿದು ನುಂಗುತ್ತದೆ. ಜೋರು ಮತ್ತು ಮೆಲು ಸದ್ದುಗಳ ಅಂತರ ಕುಗ್ಗಿಸುವ ಕಂಪ್ರೆಸರ್ ಮುಟ್ಟುವುದಿಲ್ಲ. ಮೆಲು ಸದ್ದಿನ ವಿವರವನ್ನೂ ಉಳಿಸುವ 24 ಬಿಟ್‌ನಲ್ಲಿ, ಅತಿ ಜೋರಾದ ಮೀಟೂ ಮೈನಸ್ 12 ಡೆಸಿಬೆಲ್ (ಗರಿಷ್ಠ ಮಿತಿಗಿಂತ 12 ಕೆಳಗೆ) ದಾಟದಂತೆ ಮುದ್ರಿಸಿ, ಕೊನೆಯಲ್ಲಿ ಒಟ್ಟಾರೆ ಮಟ್ಟವನ್ನಷ್ಟೇ ಏರಿಸುತ್ತೇನೆ.

ಎಲೆಕ್ಟ್ರಾನಿಕ್ ತಂಬೂರಿಯನ್ನು ಕೋಣೆಯಲ್ಲೇ ಹಾಕಿಕೊಂಡು ಮುದ್ರಿಸಿದ ಮೊದಲ ಹನ್ನೆರಡು ಟೇಕ್‌ಗಳು ಹಾಗೆಯೇ ವ್ಯರ್ಥವಾದವು, ಏಕೆಂದರೆ ಎಲ್ಲಿ ಕತ್ತರಿಸಿ ಜೋಡಿಸಿದರೂ ತಂಬೂರಿಯ ಸುತ್ತು ಮುಗ್ಗರಿಸುತ್ತಿತ್ತು. ಈಗ ಅದು ಮಗಳ ಒಂದು ಕಿವಿಯ ಇಯರ್‌ಫೋನಿನಲ್ಲಿ ಮಾತ್ರ ಇರುತ್ತದೆ, ಕೇಳುಗರಿಗೆ ಬೇಕಾದ ತಂಬೂರಿಯನ್ನು ಆಮೇಲೆ ಸೇರಿಸುತ್ತೇನೆ. ಎರಡು ಟೇಕ್‌ಗಳ ಜೋಡಣೆಯನ್ನು ಮೀಟಿಗೆ ಕೂದಲೆಳೆಯಷ್ಟು ಮೊದಲು ಮಾಡಬೇಕು. ಬದಿಯಲ್ಲಿರುವ ತಾಳದ ತಂತಿ ಇನ್ನೂ ಮಿಡಿಯುತ್ತಿದ್ದರೆ ಆ ಜೋಡಣೆಯೂ ಸಿಕ್ಕಿಬೀಳುತ್ತದೆ.

ಇದೇ ಏರ್ಪಾಡಿನಲ್ಲಿ ಗೆಳೆಯರೊಬ್ಬರ ಕೊಳಲನ್ನೂ ಮುದ್ರಿಸಿದೆ. ಮೈಕನ್ನು ಊದುರಂಧ್ರದ ನೇರಕ್ಕಿಡದೆ ಹಣೆಗಿಂತ ಸ್ವಲ್ಪ ಮೇಲಿಟ್ಟು ಕೆಳಕ್ಕೆ ಬಾಗಿಸಿದಾಗ ಗಾಳಿಯ ಹೊಡೆತ ಹೋಯಿತು, ಉಸಿರು ಉಳಿಯಿತು. ಮೃದಂಗ ಮಾತ್ರ ಸೋಲಿಸಿತು. ಎಡಮುಖದಿಂದ ಬರುವ ಗುಮುಕಿ ಎಂಬ ತಗ್ಗಿನ ನಾದಕ್ಕೆ ನನ್ನ ಕೋಣೆ ತೀರ ಚಿಕ್ಕದು, ಕೌದಿಗಳಿಗೂ ಅದನ್ನು ಹಿಡಿಯಲಾಗಲಿಲ್ಲ.

ಹೊತ್ತಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. ಬೆಳಗಿನ ನಾಲ್ಕರಿಂದ ಐದೂವರೆಯವರೆಗೆ, ಹಾಲಿನವರ ಸ್ಕೂಟರ್ ಬರುವುದಕ್ಕೂ ಗುಡಿಯ ಧ್ವನಿವರ್ಧಕ ಬಾಯಿ ತೆರೆಯುವುದಕ್ಕೂ ಮೊದಲು, ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸುತ್ತೇವೆ. ಚಾರ್ಜರ್ ಚುಚ್ಚಿದರೆ ಮುದ್ರಿಕೆಯಲ್ಲಿ ಗುಂಯ್ ಎನ್ನುತ್ತದೆ, ವಿದ್ಯುತ್ ಹೋಗಿ ಮನೆಯ ಯುಪಿಎಸ್ ಶುರುವಾದರೆ ಅದಕ್ಕಿಂತ ಕರ್ಕಶ. ಫ್ರಿಜ್ಜಿನ ಪ್ಲಗ್ ಮರಳಿ ಹಾಕಲು ಮರೆತು ಎರಡು ಸಲ ಹಾಲು ಒಡೆದಿದೆ. ಆ ಲೆಕ್ಕವನ್ನು ಮನೆಯವರು ಬೇರೆಯೇ ಇಟ್ಟಿದ್ದಾರೆ.