ಗಣಿತದ ಕ್ಲಾಸಿನಿಂದ ಪುಟಾಣಿಗಳ ಕೋಣೆಗೆ

ನಾನು ಪುಟ್ಟ ಮಕ್ಕಳ ಶಿಕ್ಷಕಿಯಾಗಲು ಕಾರಣ ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು. ಮೊದಲು ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಹೊಸ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಬರೆದು ಈ ಕಡೆ ತಿರುಗುವಷ್ಟರಲ್ಲಿ ಎಷ್ಟೋ ಮಕ್ಕಳು ಪೆನ್ನು ಕೆಳಗಿಟ್ಟಿರುತ್ತಿದ್ದರು. ಪ್ರಯತ್ನಿಸಿ ಸೋತು ಕೈಬಿಟ್ಟದ್ದಾದರೆ ಒಪ್ಪಬಹುದಿತ್ತು. ಇವರು ಲೆಕ್ಕವನ್ನು ಓದಿಯೂ ಇರುತ್ತಿರಲಿಲ್ಲ. ಕೇಳಿದರೆ, "ನಂಗೆ ಬರಲ್ಲ ಮಿಸ್." ಆ ಮಾತಿನಲ್ಲಿ ದುಃಖವಾಗಲೀ ನಾಚಿಕೆಯಾಗಲೀ ಇರಲಿಲ್ಲ. ತಮ್ಮ ಹೆಸರು ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದರು.

ಈ ತೀರ್ಮಾನಕ್ಕೆ ಇವರು ಬಂದದ್ದು ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಡುವಿನ ವೇಳೆಯಲ್ಲಿ ಕೆಳಗಿನ ತರಗತಿಗಳಲ್ಲಿ ಹೋಗಿ ಕೂರತೊಡಗಿದೆ. ಐದನೇ ತರಗತಿಯಲ್ಲೂ ಅದೇ ಮಾತು ಕೇಳಿತು. ಎರಡನೆಯದರಲ್ಲಿ ಕೆಲವರ ಬಾಯಲ್ಲಿ ಆಗಲೇ ಶುರುವಾಗಿತ್ತು. ಕೊನೆಗೆ ಮೂರು ನಾಲ್ಕು ವರ್ಷದವರ ಕೋಣೆಗೆ ಹೋದಾಗ ಅಲ್ಲಿ ಕಿವಿಗೆ ಬಿದ್ದದ್ದೇ ಬೇರೆ: "ನಾನೇ ಮಾಡ್ತೀನಿ." ಶೂ ತಿರುಗುಮುರುಗಾದರೂ ನಾನೇ, ನೀರು ಚೆಲ್ಲಿದರೂ ನಾನೇ. ಇದೇ ಮಕ್ಕಳು ಹತ್ತು ವರ್ಷಗಳಲ್ಲಿ ಆ ಮಕ್ಕಳಾಗುತ್ತಾರೆ ಎಂಬುದನ್ನು ನನಗೆ ಒಪ್ಪಿಕೊಳ್ಳಲಾಗಲಿಲ್ಲ. ಕೆಲಸ ಬದಲಿಸಿದೆ.

"ಮಕ್ಕಳೆಂದರೆ ನಿಮಗೆ ತುಂಬಾ ಇಷ್ಟ ಅಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟ. ಆದರೆ ಬರೀ ಇಷ್ಟದ ಬಲದ ಮೇಲೆ ಈ ಕೆಲಸದಲ್ಲಿ ವರ್ಷಗಟ್ಟಲೆ ನಿಲ್ಲಬಹುದೆಂದು ನನಗನ್ನಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಳುತ್ತಾ, ಇನ್ನೊಬ್ಬಳು ಬಟ್ಟೆ ಒದ್ದೆ ಮಾಡಿಕೊಂಡು, ಮೂಲೆಯಲ್ಲಿ ಇಬ್ಬರು ಒಂದೇ ಲಾರಿಗಾಗಿ ಕಿತ್ತಾಡುತ್ತಿರುವಾಗ ಪ್ರೀತಿಯೂ ದಣಿಯುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿರುವುದು ಕುತೂಹಲ. ಮನುಷ್ಯನೊಬ್ಬ ಯೋಚಿಸಲು ಕಲಿಯುವುದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆ ಯಾವ ಕೆಲಸದಲ್ಲಿದೆ?

ಹೊರಗಿನಿಂದ ಬಂದವಳೆಂಬ ಅಳುಕು ಮೊದಮೊದಲು ಇತ್ತು. ಓದುತ್ತಾ ಹೋದಂತೆ ಈ ಕ್ಷೇತ್ರವನ್ನು ಕಟ್ಟಿದ ಹಿರಿಯರಲ್ಲೇ ಹಲವರು ಬೇರೆ ದಾರಿಯಿಂದ ಬಂದವರೆಂದು ಗೊತ್ತಾಯಿತು. ಜರ್ಮನಿಯಲ್ಲಿ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಸಂಸ್ಥೆ ಶುರುಮಾಡಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ ಒಂದು ಕಾಲದಲ್ಲಿ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸಹಾಯಕನಾಗಿದ್ದವನು. 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ ವೈದ್ಯೆ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವೆಂಬ ಪುಟ್ಟ ಮಕ್ಕಳ ಶಾಲೆ ಆರಂಭಿಸಿದ ಗಿಜುಭಾಯಿ ಬಧೇಕಾ ವಕೀಲರು. ಹರಳುಗಳನ್ನು, ರೋಗಿಗಳನ್ನು, ಸಾಕ್ಷ್ಯಗಳನ್ನು ನೋಡಿ ಪಳಗಿದ್ದ ಕಣ್ಣು ಇವರಿಗೆ ಮಕ್ಕಳ ವಿಷಯದಲ್ಲೂ ನೆರವಾಗಿರಬೇಕು ಎಂದು ನಾನು ನಂಬುತ್ತೇನೆ.

ತರಬೇತಿಯಲ್ಲಿ ನನಗೆ ಅತಿ ಹೆಚ್ಚು ದಕ್ಕಿದ್ದು ನೋಡಿ ಬರೆಯುವ ಅಭ್ಯಾಸ. ಒಂದು ಮಗುವಿನ ಹತ್ತಿರ ಸುಮ್ಮನೆ ಕುಳಿತು ಕಂಡದ್ದನ್ನಷ್ಟೇ ಬರೆಯಬೇಕು. "ಹಟ ಮಾಡಿದ" ಎಂದು ಬರೆಯುವಂತಿಲ್ಲ, ಅದು ನಮ್ಮ ಅಭಿಪ್ರಾಯ. "ಬಾಗಿಲ ಬಳಿ ನಿಂತ. ಬ್ಯಾಗನ್ನು ಎರಡೂ ಕೈಯಿಂದ ಹಿಡಿದಿದ್ದ. ಕರೆದಾಗ ನನ್ನ ಮುಖ ನೋಡಲಿಲ್ಲ, ಕಿಟಕಿ ನೋಡಿದ." ಹೀಗೆ ಬರೆದಾಗ, ಹಟವೆಂದು ನಾವು ಕರೆಯುವುದರೊಳಗೆ ಅಮ್ಮ ಹೋದ ದಾರಿಯನ್ನು ಕಾಯುವ ಮಗು ಕಾಣಿಸುತ್ತದೆ. "ಗಮನ ಕೊಡಲ್ಲ" ಎಂಬ ಹಣೆಪಟ್ಟಿಯೊಂದಿಗೆ ಬಂದ ಹುಡುಗಿಯೊಬ್ಬಳ ಬಗ್ಗೆ ದಿನವೂ ನಾಲ್ಕು ಸಾಲು ಬರೆಯುತ್ತಾ ಹೋದೆ. ಕಥೆಯ ಹೊತ್ತಿನಲ್ಲಿ ಅವಳು ಅತ್ತಿತ್ತ ನೋಡುತ್ತಿದ್ದದ್ದು ನಿಜ. ಆದರೆ ಬ್ಲಾಕುಗಳ ಮೂಲೆಯಲ್ಲಿ ಸೇತುವೆ ಬೀಳುತ್ತಿದ್ದಂತೆಲ್ಲ ಕಂಬಗಳ ನಡುವಿನ ಅಂತರವನ್ನು ಚೂರುಚೂರೇ ಕಡಿಮೆ ಮಾಡುತ್ತಾ ಸದ್ದಿಲ್ಲದೆ ಕೂತಿರುತ್ತಿದ್ದಳು. ಅದು ಗಮನವಲ್ಲವೇ? ಅವಳ ಮನೆಯವರಿಗೆ ನನ್ನ ಟಿಪ್ಪಣಿಗಳನ್ನು ಓದಿ ಹೇಳಿದೆ. ಆ ಹಣೆಪಟ್ಟಿ ಮತ್ತೆ ನಮ್ಮ ಮಾತಿನಲ್ಲಿ ಬರಲಿಲ್ಲ.

ಗಣಿತದವಳಾದ್ದರಿಂದ ಮಕ್ಕಳ ಎಣಿಕೆ ನನ್ನನ್ನು ವಿಪರೀತ ಸೆಳೆಯಿತು. ಮೂರು ವರ್ಷದ ಮಗು ಐದು ಮಣಿಗಳನ್ನು ಬೆರಳಿಟ್ಟು ಸರಿಯಾಗಿ ಎಣಿಸುತ್ತದೆ. "ಹಾಗಾದ್ರೆ ಎಷ್ಟಿವೆ?" ಎಂದರೆ ಮತ್ತೆ ಒಂದರಿಂದ ಶುರುಮಾಡುತ್ತದೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟಿದೆ ಎಂಬುದರ ಉತ್ತರ ಎನ್ನುವುದು ಇನ್ನೂ ಹೊಳೆದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಹೊಳೆಯುತ್ತದೆ. ನೂರರವರೆಗೆ ಬಾಯಿಪಾಠ ಹೇಳುವ ಮಗುವಿಗೂ ಇದು ತಿಳಿಯದೆ ಇರಬಹುದು, ಹತ್ತರಾಚೆ ಗೊತ್ತಿಲ್ಲದ ಮಗುವಿಗೆ ತಿಳಿದಿರಬಹುದು. ನಾನು ಎರಡನೆಯ ಮಗುವಿನ ಬಗ್ಗೆ ನಿಶ್ಚಿಂತೆಯಿಂದಿರುತ್ತೇನೆ.

ಇನ್ನೊಂದು ಸಂಗತಿಯಂತೂ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯ ಹೆಸರಾಂತ ಪ್ರಯೋಗವೊಂದಿದೆ. ಎರಡು ಸಾಲುಗಳಲ್ಲಿ ಸಮಾನ ಸಂಖ್ಯೆಯ ಬಿಲ್ಲೆಗಳನ್ನಿಟ್ಟು, ಎರಡರಲ್ಲೂ ಒಂದೇ ಸಮ ಇವೆಯೇ ಎಂದು ಕೇಳುವುದು. ಮಗು ಹೌದೆಂದ ಮೇಲೆ ಒಂದು ಸಾಲನ್ನು ಅಗಲಿಸಿ ಮತ್ತೆ ಅದನ್ನೇ ಕೇಳುವುದು. ಆರೇಳು ವರ್ಷಕ್ಕಿಂತ ಚಿಕ್ಕವರಲ್ಲಿ ಹೆಚ್ಚಿನವರು ಉದ್ದದ ಸಾಲಿನಲ್ಲೇ ಜಾಸ್ತಿ ಎನ್ನುತ್ತಾರೆ. ಈ ವಯಸ್ಸಿಗೆ ಸಂಖ್ಯೆಯ ತರ್ಕ ಬಂದಿಲ್ಲ ಎಂಬುದು ಆಗಿನ ವಿವರಣೆ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ಸಂಶೋಧಕರು ಇದಕ್ಕೆ ಸಣ್ಣದೊಂದು ಮಾರ್ಪಾಡು ಮಾಡಿದರು. ಸಾಲನ್ನು ದೊಡ್ಡವರು ಕದಲಿಸಲಿಲ್ಲ, ತುಂಟ ಕರಡಿ ಬೊಂಬೆಯೊಂದು ಬಂದು ಆಕಸ್ಮಿಕವೆಂಬಂತೆ ಕೆಡಿಸಿಹೋಯಿತು. ಆಮೇಲೆ ಅದೇ ಪ್ರಶ್ನೆ ಕೇಳಿದಾಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹುಪಾಲು ಸರಿಯಾಗಿಯೇ ಉತ್ತರಿಸಿದರು.

ಮಗುವಿನ ಕಡೆಯಿಂದ ಯೋಚಿಸಿ. ದೊಡ್ಡವರೊಬ್ಬರು ಬೇಕೆಂದೇ ಏನೋ ಬದಲಿಸಿ ಕೇಳಿದ್ದನ್ನೇ ಮತ್ತೆ ಕೇಳಿದರೆ, ಮೊದಲಿನ ಉತ್ತರ ಸರಿಯಿರಲಿಲ್ಲವೇನೋ, ಬೇರೆ ಹೇಳಬೇಕೇನೋ ಅನ್ನಿಸುವುದಿಲ್ಲವೇ? ಮಗು ಓದುತ್ತಿದ್ದದ್ದು ಬಿಲ್ಲೆಗಳ ಜೊತೆಗೆ ನಮ್ಮ ಮನಸ್ಸನ್ನು ಕೂಡ. ಇದನ್ನು ತಿಳಿದ ದಿನ ನನಗೆ ನನ್ನ ಹೈಸ್ಕೂಲಿನ ಮಕ್ಕಳೆಲ್ಲ ಕಣ್ಮುಂದೆ ಬಂದರು. "ಸರಿಯಾಗಿ ನೋಡು", "ಇನ್ನೊಂದ್ಸಲ ಹೇಳು" ಎಂಬ ಮಾತುಗಳನ್ನು ಸಾವಿರ ಸಲ ಕೇಳಿದ ಮೇಲೆ ಯಾರೇ ಆಗಲಿ ತಮ್ಮ ಕಣ್ಣನ್ನು ನಂಬುವುದನ್ನು ಬಿಟ್ಟು ಶಿಕ್ಷಕರ ಹುಬ್ಬನ್ನು ನೋಡತೊಡಗುತ್ತಾರೆ.

ಹಾಗಾಗಿ ನನಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಆದಷ್ಟು ಕಡಿಮೆ ಮಾಡಿದೆ. "ಇದ್ಯಾವ ಬಣ್ಣ?" ಎಂದು ಕೇಳುವುದಿಲ್ಲ, "ನಂಗೆ ನೀಲಿ ಬಣ್ಣದ್ದು ಬೇಕು, ಹುಡುಕಿಕೊಡ್ತೀಯಾ?" ಎನ್ನುತ್ತೇನೆ. ಕೇಳಿದ ಮೇಲೆ ಕಾಯುತ್ತೇನೆ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಿನಲ್ಲೇ ಮತ್ತೆ ಬಾಯಿ ಹಾಕುತ್ತಾರೆಂದೂ, ಮೂರು ಸೆಕೆಂಡಾದರೂ ತಡೆದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಮಾತಾಡುತ್ತಾರೆ ಎಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ವರ್ಷದವರಿಗೆ ಮೂರು ಸೆಕೆಂಡು ಏನೇನೂ ಸಾಲದು. ಎಷ್ಟೋ ಸಲ ಉತ್ತರ ಬರುವುದು ಕೈತೊಳೆಯುವ ಹೊತ್ತಿಗೆ, ಎಲ್ಲರೂ ಆ ಮಾತನ್ನು ಮರೆತ ಮೇಲೆ. ಅದನ್ನು ಅಲ್ಲೇ ನಿಂತು ಕೇಳಿಸಿಕೊಳ್ಳುವುದು ನನ್ನ ಕೆಲಸದ ಮುಖ್ಯ ಭಾಗವೆಂದೇ ಭಾವಿಸಿದ್ದೇನೆ.

ಜಗಳಗಳಲ್ಲಿ "ಸಾರಿ ಹೇಳು" ಎಂದು ಒತ್ತಾಯಿಸುವುದಿಲ್ಲ. ಇನ್ನೊಬ್ಬರ ತಲೆಯಲ್ಲಿ ನನ್ನದಕ್ಕಿಂತ ಬೇರೆಯದೇ ತಿಳಿವಳಿಕೆ ಇರಬಹುದು ಎಂಬ ಅರಿವು ಗಟ್ಟಿಯಾಗುವುದೇ ನಾಲ್ಕು, ನಾಲ್ಕೂವರೆ ವರ್ಷದ ಸುಮಾರಿಗೆ. "ನೋಡು, ಅವಳ ಕೈ ಕೆಂಪಾಗಿದೆ. ಏನು ಮಾಡೋಣ?" ಎಂದರೆ ಒದ್ದೆ ಬಟ್ಟೆ ತರಲು ತಾವೇ ಓಡುತ್ತಾರೆ.

ಅಪ್ಪ ಅಮ್ಮಂದಿರ ಬಹುದೊಡ್ಡ ಆತಂಕ ಬರವಣಿಗೆ. "ಇನ್ನೂ ಅಕ್ಷರ ಬರೆಸ್ತಿಲ್ವಾ?" ಎನ್ನುವವರಿಗೆ ನಾನು ಕೈಯ ಕಥೆ ಹೇಳುತ್ತೇನೆ. ಮಣಿಕಟ್ಟಿನಲ್ಲಿ ಎಂಟು ಮೂಳೆಗಳು. ಹುಟ್ಟುವಾಗ ಅವೆಲ್ಲ ಮೃದ್ವಸ್ಥಿಯೇ. ಒಂದೊಂದಾಗಿ ಮೂಳೆಯಾಗುತ್ತಾ ಹೋಗುತ್ತವೆ, ಕೊನೆಯದರ ಸರದಿ ಬರುವುದು ಎಂಟು ವರ್ಷ ದಾಟಿದ ಮೇಲೆಯೇ. ಹಿಡಿತವೂ ಭುಜದಿಂದ ಮೊಣಕೈಗೆ, ಮಣಿಕಟ್ಟಿಗೆ, ಆಮೇಲೆ ಬೆರಳಿಗೆ ಇಳಿದು ಬರುತ್ತದೆ. ಹಗ್ಗ ಹಿಡಿದು ಏರುವುದು, ಜೇಡಿಮಣ್ಣು ನಾದುವುದು, ನೆಲದ ಮೇಲೆ ದೊಡ್ಡ ಹಾಳೆ ಹರಡಿ ತೋಳು ಬೀಸಿ ಬಣ್ಣ ಬಳಿಯುವುದು, ಮಣಿ ಪೋಣಿಸುವುದು ಎಲ್ಲವೂ ಬರವಣಿಗೆಯ ಪಾಠವೇ. ಕೈ ಸಿದ್ಧವಿಲ್ಲದಾಗ ನಾಲ್ಕು ಗೆರೆಯ ಪುಸ್ತಕ ಕೊಟ್ಟರೆ ಮಗು ಕಲಿಯುವುದು "ನಂಗೆ ಬರಲ್ಲ" ಎನ್ನುವುದನ್ನು. ಅದನ್ನು ತಡೆಯುವುದಕ್ಕೇ ನಾನಿಲ್ಲಿಗೆ ಬಂದವಳು, ಆದ್ದರಿಂದ ಈ ಒಂದು ವಿಷಯದಲ್ಲಿ ಬಗ್ಗುವುದಿಲ್ಲ.

ಇದೆಲ್ಲ ಮುಂದೆ ಉಳಿಯುತ್ತದೆಯೇ ಎಂಬ ಸಂದೇಹ ನ್ಯಾಯವಾದದ್ದೇ. ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಆರಂಭವಾದ ಪೆರ್ರಿ ಶಾಲಾಪೂರ್ವ ಅಧ್ಯಯನವನ್ನು ನಾನು ಪದೇಪದೇ ನೆನೆಯುತ್ತೇನೆ. ಬಡ ಕುಟುಂಬಗಳ 123 ಮಕ್ಕಳು. ಅವರಲ್ಲಿ 58 ಮಂದಿಗೆ ಉತ್ತಮ ಶಾಲಾಪೂರ್ವ ಶಿಕ್ಷಣ ಸಿಕ್ಕಿತು, ಶಿಕ್ಷಕರು ವಾರವಾರವೂ ಮನೆಗೂ ಹೋಗುತ್ತಿದ್ದರು. ಉಳಿದವರಿಗೆ ಇದು ಸಿಗಲಿಲ್ಲ. ಮೊದಲು ಏರಿದ್ದ ಬುದ್ಧಿಮತ್ತೆಯ ಅಂಕಗಳ ವ್ಯತ್ಯಾಸ ಕೆಲವೇ ವರ್ಷಗಳಲ್ಲಿ ಕರಗಿತು. ಅಲ್ಲಿಗೇ ನಿಂತಿದ್ದರೆ ಪ್ರಯೋಗ ವ್ಯರ್ಥವೆನ್ನುತ್ತಿದ್ದರು. ಆದರೆ ನಲವತ್ತರ ವಯಸ್ಸಿನವರೆಗೆ ಅವರನ್ನು ಹಿಂಬಾಲಿಸಿ ನೋಡಿದಾಗ, ಶಾಲೆ ಮುಗಿಸಿದ್ದು, ದುಡಿಮೆ ಕಂಡುಕೊಂಡಿದ್ದು, ಪೊಲೀಸರ ಕೈಗೆ ಸಿಕ್ಕದೆ ಬದುಕಿದ್ದು ಮೊದಲ ಗುಂಪಿನಲ್ಲೇ ಹೆಚ್ಚು. ಚಿಕ್ಕ ಗುಂಪಿನ ಅಧ್ಯಯನ, ಅದರಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ ಅಂಕ ಕರಗಿದ ಮೇಲೂ ಏನೋ ಉಳಿಯಿತಲ್ಲ, ನಾನು ದಿನವೂ ದುಡಿಯುವುದು ಅದಕ್ಕಾಗಿ.

ಸಂಬಳದ ವಿಷಯ ಮುಚ್ಚಿಡಲಾರೆ. ಹೈಸ್ಕೂಲು ಬಿಟ್ಟು ಇಲ್ಲಿಗೆ ಬಂದಾಗ ಆದಾಯ ಕಡಿಮೆಯಾಯಿತು, ಗೌರವವೂ. "ಮಕ್ಕಳ ಜೊತೆ ಆಡ್ಕೊಂಡಿರೋದು" ಎಂಬ ಮಾತು ಓದಿದವರಿಂದಲೂ ಬರುತ್ತದೆ. ಮಿದುಳು ಅತಿ ವೇಗದಲ್ಲಿ ಬೆಳೆಯುವ ವರ್ಷಗಳನ್ನು ಅತಿ ಕಡಿಮೆ ಸಂಬಳದವರ ಕೈಗೆ ಕೊಡುವುದು ಅನ್ಯಾಯ. ಇದನ್ನು ಸಿಕ್ಕಲ್ಲೆಲ್ಲ ಹೇಳುತ್ತೇನೆ, ಸೇವೆಯೆಂದು ಹೊಗಳಿ ಸುಮ್ಮನಾಗಿಸಲು ಯಾರಿಗೂ ಬಿಡುವುದಿಲ್ಲ.

ಈ ಕೆಲಸಕ್ಕೆ ಬರಬೇಕೆಂದಿರುವವರು ನನ್ನನ್ನು ಕೇಳಿದರೆ, ಮೊದಲು ಒಂದು ವಾರ ಯಾವುದಾದರೂ ಪುಟಾಣಿಗಳ ಕೋಣೆಯಲ್ಲಿ ಏನನ್ನೂ ಕಲಿಸದೆ ಕುಳಿತು ಬನ್ನಿ ಎನ್ನುತ್ತೇನೆ. ಬೇಸರವಾದರೆ ಬೇರೆ ಕೆಲಸ ನೋಡಿಕೊಳ್ಳುವುದೇ ಒಳ್ಳೆಯದು. ಒಂದೇ ಮಗು ಒಂದೇ ಮುಚ್ಚಳವನ್ನು ಮುಚ್ಚಿ ತೆಗೆಯುವುದನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದಾದರೆ ತರಬೇತಿಗೆ ಸೇರಿ. ಕೆಲಸಕ್ಕೆ ಸೇರುವ ಕಡೆ ಸಂಬಳದ ಜೊತೆ ಎರಡು ಪ್ರಶ್ನೆ ಕೇಳಿ: ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಟಿಪ್ಪಣಿ ಬರೆಯಲು ಕೆಲಸದ ವೇಳೆಯಲ್ಲೇ ಸಮಯ ಕೊಡುತ್ತೀರಾ? ಎರಡನೆಯದಕ್ಕೆ "ಅದೆಲ್ಲ ಯಾಕೆ?" ಎಂಬ ಉತ್ತರ ಬಂದರೆ ಆ ಜಾಗ ಬೇಡ, ಇನ್ನೊಂದನ್ನು ಹುಡುಕಿ.